ಮಕ್ಕಳ ಸ್ವಂತ ಅಧ್ಯಯನವೂ ಸತ್ಯವ್ರತವೂ

ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲಿ ಒಂದೆಂಬುದು ಶ್ರಾವಕರೆಲ್ಲರಿಗೂ ತಿಳಿದ ವಿಷಯ. ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಅದರ ಐದು ಅಂಗಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ. ಓದಿದೊಡನೆ ಪ್ರಶ್ನಿಸಬೇಕು, ಅನಂತರ ಮನನ ಮಾಡಬೇಕು; ಪರರಿಗೆ ತಿಳಿಸುವ ಅಧಿಕಾರ ಬರುವುದು ಕಟ್ಟಕಡೆಗೆ. ಇಂದು ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಗಳು ಕೊಡುವ ಯೋಜನಾ ಕಾರ್ಯಗಳ ಮೂಲದಲ್ಲಿಯೂ ಇದೇ ಕ್ರಮವಿದೆ. ಆದರೆ ಆಚರಣೆಯಲ್ಲಿ ಅದು ತಲೆಕೆಳಗಾಗಿರುವುದನ್ನು ಮನೆಮನೆಯಲ್ಲಿಯೂ ಕಾಣಬಹುದು.

ನಾಳೆ ಒಪ್ಪಿಸಬೇಕಾದ ಕೆಲಸಕ್ಕಾಗಿ ರಾತ್ರಿ ಹತ್ತು ಗಂಟೆಗೆ ತಾಯಿ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತಾಳೆ. ತಂದೆ ಹುಬ್ಬಳ್ಳಿಯ ಪೇಟೆಯಿಂದ ಸಿದ್ಧ ಮಾದರಿಯೊಂದನ್ನು ಕೊಂಡು ತರುತ್ತಾನೆ. ಬರಹವು ಮೊಬೈಲಿನಿಂದ ಇಳಿದು ಬರುತ್ತದೆ. ಮಗು ಮಾತ್ರ ಮಲಗಿರುತ್ತದೆ. ಬೆಳಿಗ್ಗೆ ಅದರ ಮೇಲೆ ತನ್ನ ಹೆಸರು ಬರೆದು ಅಂಕ ಪಡೆಯುವಾಗ ಆ ಮಗು ಕಲಿತದ್ದು ಒಂದೇ: ತಾನು ಮಾಡದ್ದನ್ನು ತಾನು ಮಾಡಿದೆನೆಂದು ಹೇಳಿದರೆ ಹಿರಿಯರು ಮೆಚ್ಚುತ್ತಾರೆ. ಸತ್ಯ, ಅಚೌರ್ಯಗಳೆಂಬ ಎರಡು ಅಣುವ್ರತಗಳು ಒಂದೇ ರಾತ್ರಿಯಲ್ಲಿ, ಅದೂ ತಂದೆತಾಯಿಗಳ ಕೈಯಿಂದಲೇ ಸಡಿಲಗೊಳ್ಳುತ್ತವೆ.

ಸ್ವಂತ ಅಧ್ಯಯನದ ಉದ್ದೇಶ ಹೀಗಿರಲಿಲ್ಲ. 1993ರಲ್ಲಿ ದೇಶಾದ್ಯಂತ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಸುತ್ತಲಿನ ಒಂದು ಸಮಸ್ಯೆಯನ್ನು ತಾವೇ ಆರಿಸಿ, ತಾವೇ ಅಳೆದು, ಕೇಳಿ, ಬರೆದು ಮಂಡಿಸಲೆಂದು ಬಯಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯೊಳಗೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶವಿರಲೆಂದು ಸೂಚಿಸಿತು. ಇವೆರಡಕ್ಕೂ ಬೇಕಾದುದು ಹಣವಲ್ಲ; ಊರು, ಸಮಯ, ಪ್ರಾಮಾಣಿಕತೆ.

ಧಾರವಾಡ ಜಿಲ್ಲೆಯ ಪೂರ್ವದ ಎರೆ ಭೂಮಿಯನ್ನೇ ನೋಡಬಹುದು. ನವಲಗುಂದ, ಕುಂದಗೋಳ ತಾಲೂಕುಗಳಲ್ಲಿ ಒಂದು ವರ್ಷ ಮಳೆಗಾಗಿ ಮುಗಿಲು ನೋಡಬೇಕು. ಇನ್ನೊಂದು ವರ್ಷ ಬೆಣ್ಣೆಹಳ್ಳ ಉಕ್ಕಿ ಹೊಲಗಳನ್ನು ಮುಳುಗಿಸುತ್ತದೆ. ಅಲ್ಲಿಯ ಏಳನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಊರಿನ ಮಳೆಯನ್ನು ಅಳೆಯಹೊರಟರೆ ಬೇಕಾಗುವುದು ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಸಪಾಟು ತಳದ ಪಾತ್ರೆ, ಒಂದು ಅಳತೆಪಟ್ಟಿ, ಒಂದು ವಹಿ. ಪಾತ್ರೆಯನ್ನು ಮರ, ಮಾಡುಗಳಿಂದ ದೂರ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ 8-30ಕ್ಕೆ ನಿಂತ ನೀರಿನ ಎತ್ತರವನ್ನು ಮಿಲಿಮೀಟರುಗಳಲ್ಲಿ ಬರೆದು, ನೀರು ಚೆಲ್ಲಿ ಮತ್ತೆ ಇಡಬೇಕು. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಲೆಕ್ಕ ಹಾಕುವ ವೇಳೆಯೂ ಅದೇ.

ಈ ಕೆಲಸದ ನಿಜವಾದ ಪರೀಕ್ಷೆ ಮಳೆಯ ದಿನದಲ್ಲಿ ಬರುವುದಿಲ್ಲ, ಮರೆತ ದಿನದಲ್ಲಿ ಬರುತ್ತದೆ. ಜ್ವರ ಬಂದು ಮಲಗಿದ ದಿನ, ಜಾತ್ರೆಗೆ ಹೋದ ದಿನ ಅಳತೆ ತಪ್ಪುತ್ತದೆ. ಆ ಕೋಷ್ಟಕದ ಮನೆಯಲ್ಲಿ ಏನು ಬರೆಯಬೇಕು? ಹಿಂದಿನ ಮುಂದಿನ ಅಂಕಿಗಳನ್ನು ನೋಡಿ ಒಂದು ಸಂಖ್ಯೆ ತುಂಬಿದರೆ ಪುಟ ಅಂದವಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಖಾಲಿ ಬಿಟ್ಟು "ಅಳೆಯಲಿಲ್ಲ" ಎಂದು ಬರೆದರೆ ಪುಟ ಕುಂದುತ್ತದೆ, ಸತ್ಯ ಉಳಿಯುತ್ತದೆ. ಮಳೆಯಿಲ್ಲದ ದಿನದ ಸೊನ್ನೆಯೂ ಅಳೆಯದ ದಿನದ ಖಾಲಿ ಮನೆಯೂ ಒಂದೇ ಅಲ್ಲವೆಂಬುದನ್ನು ಹನ್ನೆರಡರ ವಯಸ್ಸಿನಲ್ಲಿ ಅರಿತ ಮಗು, ಮುಂದೆ ಅಂಗಡಿಯ ಲೆಕ್ಕದಲ್ಲಾಗಲಿ ಸಂಸ್ಥೆಯ ಜಮಾಖರ್ಚಿನಲ್ಲಾಗಲಿ ಸುಳ್ಳು ಅಂಕಿ ಬರೆಯಲು ಹಿಂಜರಿಯುತ್ತದೆ.

ಇತಿಹಾಸದ ಅಧ್ಯಯನಕ್ಕೂ ಇದೇ ನೀತಿ ಸಲ್ಲುತ್ತದೆ. ಅಣ್ಣಿಗೇರಿಯ ಮಕ್ಕಳು "ನಮ್ಮೂರು ಆದಿಕವಿ ಪಂಪನ ಜನ್ಮಸ್ಥಳ" ಎಂದು ಅಭಿಮಾನದಿಂದ ಹೇಳುತ್ತಾರೆ. ಈ ಮಾತಿಗೆ ಆಧಾರವೇನೆಂದು ಒಬ್ಬ ವಿದ್ಯಾರ್ಥಿ ಕೇಳಿದರೆ ಅವನ ಸ್ವಾಧ್ಯಾಯ ಆರಂಭವಾಯಿತೆಂದೇ ಅರ್ಥ. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ತೆಲುಗು, ಕನ್ನಡ ಮೂರರಲ್ಲಿಯೂ ಶಾಸನ ಬರೆಯಿಸಿದನು. ಅವರ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅದರಿಂದ ತಿಳಿಯುತ್ತದೆ. ತಾಯಿಯ ತವರಿನ ಸಂಬಂಧ ಶಾಸನದ ಸಾಕ್ಷ್ಯ. ಪಂಪನು ಅಲ್ಲಿಯೇ ಜನಿಸಿದನೆಂಬುದು ಅದನ್ನು ಆಧರಿಸಿದ ಊಹೆ ಹಾಗೂ ಊರಿನ ನಂಬಿಕೆ. ಎರಡನ್ನೂ ಬರೆಯಬೇಕು, ಬೇರೆ ಬೇರೆಯಾಗಿ ಬರೆಯಬೇಕು. ಇದರಿಂದ ಅಣ್ಣಿಗೇರಿಯ ಹಿರಿಮೆ ಕುಗ್ಗುವುದಿಲ್ಲ. ಅದು ಕಲ್ಲಿನ ಆಧಾರದ ಮೇಲೆ ನಿಲ್ಲುತ್ತದೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ವಹಿಯಲ್ಲಿ ಮೂರು ಅಂಕಣಗಳನ್ನು ಎಳೆದುಕೊಳ್ಳುವುದು ಮಕ್ಕಳಿಗೆ ಉತ್ತಮವಾದ ಅಭ್ಯಾಸ.

ಜೀವಂತ ಜನರ ಬಳಿ ಕಲಿಯುವಾಗ ಅಚೌರ್ಯದ ಎಚ್ಚರ ಇನ್ನೂ ಹೆಚ್ಚು ಬೇಕು. ನವಲಗುಂದದ ಜಮಖಾನೆಗಳನ್ನು ನೇಯುವವರು ಹೆಣ್ಣುಮಕ್ಕಳು. ಕಲಘಟಗಿಯ ತೊಟ್ಟಿಲುಗಳ ಅರಗಿನ ಬಣ್ಣ ಕುಶಲ ಕುಟುಂಬಗಳ ವಿದ್ಯೆ. ಅವರ ಮನೆಗೆ ಹೋದ ಮಗು ಮೊದಲು ಅಪ್ಪಣೆ ಕೇಳಬೇಕು. ಕೆಲಸದ ಹೊತ್ತನ್ನು ಕೆಡಿಸಬಾರದು. ಅವರು ಹೇಳಬಯಸದ ಗುಟ್ಟನ್ನು ಕೆದಕಬಾರದು. ಬರೆದುದನ್ನು ಅವರಿಗೇ ಮೊದಲು ಓದಿ ತೋರಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕು. ತನಗೆ ಕಲಿಸಿದವರು ಯಾರೆಂಬುದನ್ನು, ಅವರು ಒಪ್ಪಿದರೆ, ಮೊದಲ ಪುಟದಲ್ಲಿಯೇ ಸ್ಮರಿಸಬೇಕು.

ಅಹಿಂಸೆಯೂ ಇಲ್ಲಿ ಅನ್ವಯಿಸುತ್ತದೆ. ಹತ್ತಿಯ ಹೊಲದ ಕೀಟಗಳನ್ನು ಹಿಡಿದು ಸೂಜಿ ಚುಚ್ಚಿ ಹಲಗೆಗೆ ಅಂಟಿಸುವ ಬದಲು, ಒಂದೇ ಗಿಡದ ಬಳಿ ಪ್ರತಿದಿನ ಕಾಲು ಗಂಟೆ ಕುಳಿತು ಬಂದುಹೋಗುವ ಜೀವಿಗಳನ್ನು ಎಣಿಸಿ ಬರೆಯಬಹುದು. ಸತ್ತ ಪತಂಗವು ತನ್ನ ಬಣ್ಣವನ್ನಷ್ಟೇ ತೋರಿಸುತ್ತದೆ. ಬದುಕಿರುವುದು ತನ್ನ ನಡೆಯನ್ನೂ ತೋರಿಸುತ್ತದೆ.

ಹಾಗಾದರೆ ಹಿರಿಯರ ಪಾತ್ರವೇನು? ಕೈ ಹಿಂದಕ್ಕೆಳೆದುಕೊಳ್ಳುವುದು, ಆದರೆ ಕಿವಿಗೊಡುವುದು. "ಇದು ನಿನಗೆ ಹೇಗೆ ಗೊತ್ತಾಯಿತು?" ಎಂದು ತಂದೆತಾಯಿಗಳು ಕೇಳಿದರೆ ಸಾಕು. ಬಸದಿಗಳ ಟ್ರಸ್ಟುಗಳೂ ಇದಕ್ಕೆ ನೆರವಾಗಬಹುದು. ಬಸದಿಯ ಶಾಸನಗಳನ್ನು, ಹಳೆಯ ಪುಸ್ತಕಗಳನ್ನು ಮಕ್ಕಳಿಗೆ ತೋರಿಸಿ ವಿವರಿಸಲು ತಿಳಿದವರೊಬ್ಬರನ್ನು ನಿಯಮಿಸಬಹುದು. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಯಾವುದೇ ಜಾತಿಮತದ ಭೇದವಿಲ್ಲದೆ ಊರಿನ ಮಕ್ಕಳನ್ನು ಕರೆದು, ಅವರ ಅಧ್ಯಯನಗಳನ್ನು ಓದಿಸಬಹುದು. ಅಲ್ಲಿ ಪ್ರಥಮ, ದ್ವಿತೀಯ ಬಹುಮಾನಗಳು ಬೇಡ; ಬಹುಮಾನದ ಆಸೆಯೇ ಖಾಲಿ ಮನೆಗಳನ್ನು ತುಂಬಿಸುತ್ತದೆ. ಮಗುವೊಂದು ಎದ್ದು ನಿಂತು "ಈ ಮೂರು ದಿನ ನಾನು ಅಳೆಯಲಿಲ್ಲ" ಎಂದು ಅಂಜದೆ ಹೇಳುವಂತಾದರೆ, ಆ ದಿನದ ಪ್ರವಚನ ಸಾರ್ಥಕವಾದಂತೆ.