ಫ್ಯಾನು, ಅರ್ತು ಮತ್ತು ಅಪ್ಪ

ಸಾಫ್ಟ್‌ವೇರಿನವರು ಸಾಮಾನ್ಯವಾಗಿ ಸಾಕೋದು ಕ್ಯಾಮ್ರಿ, ಇಲ್ಲಾಂದ್ರೆ ಅಕಾರ್ಡ್. ಫೀನಿಕ್ಸಿಗೆ ಬಂದ ಮೇಲೆ ನನಗೇನು ಬುದ್ಧಿ ಬಂತೋ, 2002ರ ಶೆವಿ ಸಿಲ್ವರಾಡೋ ಪಿಕಪ್ ಟ್ರಕ್ ಒಂದನ್ನ ಹಳೇದೇ ಕೊಂಡ್ಕೊಂಡೆ. ಹೆಂಡತಿ ಅದಕ್ಕೆ ‘ಕೋಣ’ ಅಂತ ಹೆಸರಿಟ್ಟಳು. ಹೋದ ವರ್ಷ ಬೇಸಿಗೆಗೆ ಮುಂಚೆ ಕೋಣ ನಿಜವಾಗ್ಲೂ ಗುಟುರು ಹಾಕೋಕೆ ಶುರು ಮಾಡ್ತು.

ಸದ್ದು ರೇಡಿಯೇಟರ್ ಫ್ಯಾನಿಂದು. ಈ ಗಾಡೀಲಿ ಫ್ಯಾನ್ ತಿರುಗೋದು ಇಂಜಿನ್ ಬಲದಿಂದಲೇ. ಮಧ್ಯೆ ಒಂದು ಕ್ಲಚ್ ಇರುತ್ತೆ. ಕಾಲಲ್ಲಿ ತುಳಿಯೋ ಕ್ಲಚ್ ಅಲ್ಲ ಮತ್ತೆ! ಸಿಲಿಕೋನ್ ಎಣ್ಣೆ ತುಂಬಿದ ಒಂದು ಡಬ್ಬಿ, ಅದರ ಮುಂದೆ ಲೋಹದ ಸುರುಳಿ. ರೇಡಿಯೇಟರಿಂದ ಬರೋ ಗಾಳಿ ಬಿಸಿಯಾದ್ರೆ ಸುರುಳಿ ತಿರುಗಿ ಕಿಂಡಿ ತೆರೆಯುತ್ತೆ, ಎಣ್ಣೆ ನುಗ್ಗಿ ಫ್ಯಾನನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ತಣ್ಣಗಾದ್ರೆ ಬಿಡುತ್ತೆ. ತಂತಿಯಿಲ್ಲ, ಸ್ವಿಚ್ಚಿಲ್ಲ. ನನ್ನದು ಹಿಡಿದದ್ದನ್ನ ಬಿಡ್ತಾನೇ ಇರ್ಲಿಲ್ಲ. ಫ್ರೀವೇಲಿ ಓಡುವಾಗ ಎದುರುಗಾಳಿಯೇ ಸಾಕು, ಫ್ಯಾನಿಗೆ ಕೆಲಸವೇ ಇಲ್ಲ. ಆದ್ರೂ ಭೋರ್ ಅಂತ ತಿರುಗ್ತಾ ಇಂಜಿನ್ ಬಲ ತಿಂತಿತ್ತು.

ಹೊಸ ಕ್ಲಚ್ ಹಾಕಿದ್ರೆ ಮುಗೀತಿತ್ತು. ಆದ್ರೆ 2005ರಿಂದ ಇದೇ ಗಾಡಿಗೆ ಕಂಪನಿಯವರೇ ಎರಡು ಎಲೆಕ್ಟ್ರಿಕ್ ಫ್ಯಾನ್ ಕೊಡೋಕೆ ಶುರು ಮಾಡಿದ್ರು ಅಂತ ಎಲ್ಲೋ ಓದಿಬಿಟ್ಟಿದ್ದೆ ನೋಡಿ... ಕೈ ಸುಮ್ನಿರ್ಲಿಲ್ಲ. ಗುಜರಿಯಿಂದ ಆ ಜೋಡಿ ಫ್ಯಾನ್ ತಂದೆ. ಫ್ಯಾನಿಗೊಂದು 40 ಆಂಪಿನ ರಿಲೇ, ಫ್ಯೂಸು, 10 ಗೇಜಿನ ದಪ್ಪ ತಂತಿ, ಬಿಸಿ ನೋಡಿ ಆನ್ ಮಾಡೋ ಸ್ವಿಚ್ಚು. ಎರಡು ಶನಿವಾರ, ಒಂದು ಭಾನುವಾರ ಹೋಯ್ತು. ಕೊನೆಗೆ ಎರಡೂ ಫ್ಯಾನಿನ ಕಪ್ಪು ತಂತಿ ಸೇರಿಸಿ, ಪಕ್ಕದ ತಗಡಿಗೆ ಒಂದೇ ಬೋಲ್ಟಲ್ಲಿ ಬಿಗಿದೆ. ಈ ಬೋಲ್ಟನ್ನ ನೆನಪಿಟ್ಕೊಳ್ಳಿ.

ಗಾಡಿ ಎಷ್ಟು ತಣ್ಣಗಾಯ್ತು ಅಂದ್ರೆ... ಸದ್ದಿನ ವಿಷಯ ಹೇಳ್ತಿದೀನಿ. ಹಗುರವಾಗಿ ಓಡೋಕೆ ಶುರು ಮಾಡ್ತು. ಮೈಲೇಜು? ಲೀಟರಿಗೆ ಆರೂವರೆ ಕಿಲೋಮೀಟರ್ ಇದ್ದದ್ದು ಏಳನ್ನೂ ಮುಟ್ಟಲಿಲ್ಲ. ಅದನ್ನ ಹೆಂಡತಿಗೆ ಇನ್ನೂ ಹೇಳಿಲ್ಲ.

ಜೂನಲ್ಲಿ ಅಪ್ಪ ಬಂದ್ರು. ಅಪ್ಪ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಆ ಗದ್ದಲಕ್ಕೇ ಈಗ ಕಿವಿ ಅರ್ಧ ಮಂದ. ಬಾನೆಟ್ ಎತ್ತಿ ನನ್ನ ಕೆಲಸ ತೋರಿಸಿದೆ, ಒಂದು ಶಭಾಷ್ ಸಿಗಬಹುದು ಅಂತ. ತುಂಬ ಹೊತ್ತು ನೋಡಿ, “ನಮ್ಮ ಬಸ್ಸಲ್ಲಿ ಪುಲ್ಲಿ ತಿರುಗಿದ್ರೆ ಫ್ಯಾನು ತಿರುಗ್ಲೇಬೇಕಿತ್ತು. ಇದು ನಿಂತ್ರೆ ನಿಂಗೆ ಹೆಂಗೆ ಗೊತ್ತಾಗುತ್ತೆ?” ಅಂದ್ರು. “ಈಗ ಯಾವ ಗಾಡಿ ನೋಡಿದ್ರೂ ಇದೇ ಅಪ್ಪಾ” ಅಂತ ಬಾನೆಟ್ ಹಾಕಿದೆ. ಸ್ವಲ್ಪ ಜೋರಾಗೇ ಹಾಕಿದೆ.

ಅದಾಗಿ ನಾಲ್ಕು ದಿನಕ್ಕೆ ಇಬ್ರೇ ಕಣ್ಣಿನ ಡಾಕ್ಟರ್ ಹತ್ರ ಹೊರಟಿದ್ವಿ. ಮಧ್ಯಾಹ್ನ, ಹೊರಗೆ 110 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 43 ಸೆಲ್ಸಿಯಸ್. ಸಿಗ್ನಲ್ಲಲ್ಲಿ ನಿಂತಾಗ ಅಪ್ಪ, “ಏಸಿ ಬಿಸಿ ಗಾಳಿ ಬಿಡ್ತಿದೆ ಕಣೋ” ಅಂದ್ರು. “ಈ ಊರು ಹೀಗೇ ಅಪ್ಪಾ” ಅಂದೆ. ಮುಂದಿನ ಸಿಗ್ನಲ್ಲಿಗೆ ಮುಳ್ಳು ನೋಡ್ತೀನಿ, ಕೆಂಪಿನ ಹತ್ರ ಹತ್ರ! ಕಿವಿಗೆ ಏನೂ ಕೇಳ್ತಿಲ್ಲ. ನಿಶ್ಶಬ್ದ ಮಾಡಿಸಿದ್ದೂ ನಾನೇ ಅಲ್ವೇ...

ಈ ಇಂಜಿನ್ನಿನ ಹೆಡ್ ಅಲ್ಯೂಮಿನಿಯಮ್ಮಿಂದು, ಅತಿಯಾಗಿ ಕಾದ್ರೆ ಸೊಟ್ಟಗಾಗುತ್ತೆ. ಆಫ್ ಮಾಡೋಣ ಅಂದ್ರೆ ನಾವಿರೋದು ನಡುವಿನ ಲೇನು. ಅಪ್ಪ ನನ್ನ ಕಡೆ ನೋಡ್ಲೂ ಇಲ್ಲ, ಕಿಟಕಿ ಇಳಿಸಿ, “ಏಸಿ ತೆಗಿ, ಹೀಟರ್ ಪೂರ್ತಿ ಹಾಕು” ಅಂದ್ರು. ಹೀಟರ್ ಅಂದ್ರೂ ಒಂದು ಪುಟ್ಟ ರೇಡಿಯೇಟರ್ರೇ ತಾನೇ, ಇಂಜಿನ್ನಿನ ಬಿಸಿಯನ್ನ ಒಳಗೆ ಚೆಲ್ಲುತ್ತೆ. ಹೊರಗಿನ ಬಿಸಿಗೆ ಒಳಗಿನ ಬಿಸಿಯೂ ಸೇರಿತು. 74 ವರ್ಷದ ಮನುಷ್ಯ, ಮುಖ ಕೆಂಪಾಗಿ ಬೆವರು ಗಲ್ಲದಿಂದ ತೊಟ್ಟಿಕ್ತಿದೆ. ಇಂಜಿನ್ ಹೋದ್ರೆ ಹೋಗ್ಲಿ, ಇವರಿಗೇನಾದ್ರೂ ಆದ್ರೆ ಊರಲ್ಲಿ ಅಮ್ಮಂಗೆ ಏನು ಹೇಳ್ಲಿ ಅನ್ನೋದೊಂದೇ ತಲೇಲಿ. ಮುಳ್ಳು ಒಂದು ಗೆರೆ ಇಳೀತು. ಪುಣ್ಯಕ್ಕೆ ಬಲಗಡೆ ಒಂದು ಸೂಪರ್‌ಮಾರ್ಕೆಟ್ ಸಿಕ್ತು, ಹೇಗೋ ಅಲ್ಲಿಗೆ ನುಗ್ಗಿಸಿದೆ.

ಅಪ್ಪನನ್ನ ಒಳಗೆ ತಂಪಲ್ಲಿ ಕೂರಿಸಿ, ನೀರು ಕೊಡಿಸಿ, ಮುಕ್ಕಾಲು ಗಂಟೆ ಕಾದ್ವಿ. ಆಮೇಲೆ ನಾನು ಬೇಡ ಅಂದ್ರೂ ಕೇಳದೆ ಅವರೇ ಬಾನೆಟ್ ಹತ್ರ ಬಂದ್ರು. ಆ ಬೋಲ್ಟಿನ ಹತ್ರ ತಂತಿಯ ಪ್ಲಾಸ್ಟಿಕ್ ಕರಗಿ ಕರ್ರಗಾಗಿತ್ತು.

“ಬಣ್ಣದ ಮೇಲೆ ಅರ್ತ್ ಕೊಡ್ತಾರೇನೋ?”

ಹೌದು, ತಗಡಿನ ಬಣ್ಣ ಕೆರೆಯೋದನ್ನ ಮರೆತಿದ್ದೆ. ಕರೆಂಟು ವಾಪಸ್ ಹೋಗೋ ದಾರಿಗೇ ಬಣ್ಣ ಅಡ್ಡ, ಅಲ್ಲೇ ಕಾದು ಕಾದು ಎರಡೂ ಫ್ಯಾನ್ ಒಟ್ಟಿಗೆ ಸತ್ತಿದ್ವು. ಮನೆ ಬೀಗದಕೈಯಲ್ಲಿ ಬಣ್ಣ ಕೆರೆದು, ಸುಟ್ಟ ತುದಿ ಕತ್ತರಿಸಿ, ತಂತಿ ಸುತ್ತಿ ಬಿಗಿದ್ವಿ. ಇಂಜಿನ್ ಶುರು ಮಾಡಿ ಏಸಿ ಹಾಕಿದೆ. ಅಪ್ಪನಿಗೆ ಫ್ಯಾನಿನ ಸದ್ದು ಕೇಳಿಸ್ಲಿಲ್ಲ. ಜೇಬಿಂದ ಟಿಶ್ಯೂ ಕಾಗದ ತೆಗೆದು ಗ್ರಿಲ್ಲಿನ ಮುಂದೆ ಹಿಡಿದ್ರು. ಪಟ್ ಅಂತ ಅಂಟಿಕೊಳ್ತು. ಇನ್ನೊಂದು ಫ್ಯಾನಿನ ಕಡೆಗೂ ಹಿಡಿದು ನೋಡಿ, “ಹ್ಞೂಂ, ನಡಿ” ಅಂದ್ರು.

ಮಾರನೇ ದಿನ ಎರಡು ಫ್ಯಾನಿಗೂ ಬೇರೆ ಬೇರೆ ತಂತಿ ಎಳೆದು, ಒಂದನ್ನ ಬ್ಯಾಟರಿಯ ನೆಗೆಟಿವ್‌ಗೇ ಕೊಟ್ಟೆ. ಡ್ಯಾಶಲ್ಲಿ ಒಂದು ಕೆಂಪು ದೀಪ ಕೂಡ ಹಾಕಿದೀನಿ. ಕಣ್ಣಿನ ಡಾಕ್ಟರಿಗೆ ಇನ್ನೊಂದು ದಿನ ಹೋಗಿಬಂದ್ವಿ, ಕ್ಯಾಬಲ್ಲಿ. ಹೆಂಡತಿಯ ಆಜ್ಞೆ.

ಅಪ್ಪ ಆಗಸ್ಟಲ್ಲಿ ಊರಿಗೆ ವಾಪಸ್ ಹೋದ್ರು. ಇನ್ನು ಇಷ್ಟು ದೂರ ಬರೋಕಾಗಲ್ಲ ಅಂದಿದಾರೆ. ಭಾನುವಾರ ಫೋನಲ್ಲಿ ಮೊಮ್ಮಗಳ ಹತ್ರ ಮಾತಾಡಿ ಮುಗಿಸಿ, ನನ್ನ ಕೈಗೆ ಬಂದ ತಕ್ಷಣ ಜೋರಾಗಿ ಕೇಳ್ತಾರೆ: “ಕಾಗದ ಹಿಡಿದು ನೋಡಿದ್ಯೇನೋ?”