ಬೂದಿ ಬುಧವಾರ ಮತ್ತು 840 ಹರ್ಟ್ಸ್

ಬೂದಿ ಬುಧವಾರ ಸಂಜೆ ಚರ್ಚಿನಿಂದ ನೇರ ಮೆಸ್ಸಿಗೆ ಬಂದಿದ್ವಿ. ಹಣೆ ಮೇಲೆ ಬೂದಿಯ ಶಿಲುಬೆ. ಎದುರಿಗೆ ಕೂತವನು, "ಏನ್ ಮಗಾ, ನಿಮ್ದು ಶಿವರಾತ್ರಿ ಇನ್ನೂ ಮುಗೀಲಿಲ್ವಾ?" ಅಂದ. ಎಲ್ಲರೂ ನಕ್ಕರು, ನಾವೂ ನಕ್ವಿ. ತಮಾಷೆಗೆ ಅಂದಿದ್ದು, ಬೇಜಾರೇನೂ ಆಗಲಿಲ್ಲ. ಆದರೆ ಕೈ ತೊಳೆಯೋಕೆ ಎದ್ದಾಗ ಮೂವರೂ ಹಣೆಯನ್ನೂ ತೊಳ್ಕೊಂಡು ಬಂದಿದ್ವಿ. ಒಬ್ಬರಿಗೊಬ್ಬರು ಹೇಳ್ಕೊಂಡಿರಲಿಲ್ಲ.

ನಾವು ಅಂದ್ರೆ ಒಂದೇ ರೂಮಿನವರು: ಬೀದರ್‌ನ ಮೆಥಡಿಸ್ಟ್, ಉಡುಪಿಯ ಸಿಎಸ್‌ಐ, ಕೊಳ್ಳೇಗಾಲ ಕಡೆಯ ಕ್ಯಾಥೊಲಿಕ್. ಊರಲ್ಲಿದ್ದಿದ್ರೆ ಒಬ್ಬರ ಚರ್ಚಿಗೆ ಇನ್ನೊಬ್ಬರು ಹೋಗ್ತಿದ್ವೋ ಇಲ್ವೋ. ಮೂವರಿಗೂ ಹೈಸ್ಕೂಲ್ ಹೊತ್ತಿಗೆ ದೃಢೀಕರಣ ಆಗಿದೆ. ಕ್ರಿಸ್ತನನ್ನು ಹಿಂಬಾಲಿಸ್ತೀರಾ ಅಂತ ಕೇಳ್ತಾರೆ, ಇಡೀ ಬ್ಯಾಚ್ ಒಟ್ಟಿಗೆ ಹೌದು ಅನ್ನುತ್ತೆ. ಬಿಳಿ ಬಟ್ಟೆ, ಫೋಟೋ, ಬಿರಿಯಾನಿ. ಗುಂಪಲ್ಲಿ ಹೌದು ಅನ್ನೋದು ಎಷ್ಟು ಸಲೀಸು!

ಈಸ್ಟರ್‌ಗೆ ಮುಂಚಿನ 40 ದಿನ (ಭಾನುವಾರ ಲೆಕ್ಕಕ್ಕಿಲ್ಲ) ನಮಗೆ ತಪಸ್ಸುಕಾಲ. ಚಿಕನ್ ಬಿಟ್ವಿ. ನಮ್ಮ ಮೆಸ್ಸಿನ ಚಿಕನ್ ಬಿಡೋದು ತ್ಯಾಗ ಹೌದೋ ಅಲ್ವೋ ನೀವೇ ಹೇಳಿ. ರಾತ್ರಿ ಲೂಕನ ಸುವಾರ್ತೆ ಓದೋದು ಅಂತ ಮಾಡ್ಕೊಂಡ್ವಿ, ಅದೂ ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಂ ನಾಲಿಗೆ, ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತೆ. ನಿಧಾನಕ್ಕೆ ಓದಿದ್ದರಿಂದಲೇ ಒಂದು ಪದ ಕಣ್ಣಿಗೆ ಬಿತ್ತು. ಶಿಲುಬೆ ಹೊತ್ತು ಹಿಂದೆ ಬಾ ಅನ್ನೋ ಮಾತು ಮತ್ತಾಯ, ಮಾರ್ಕನಲ್ಲೂ ಇದೆ. ಲೂಕ ಮಾತ್ರ 'ದಿನಾಲೂ' ಅಂತ ಸೇರಿಸ್ತಾನೆ. ದೃಢೀಕರಣದ ದಿನವೇ ಅದು ಮುಗಿದುಹೋಯ್ತು ಅಂದ್ಕೊಂಡಿದ್ದೆವಲ್ಲ!

ಆ ವಾರ ಲ್ಯಾಬಲ್ಲಿ ಆರ್‌ಸಿ ಫೇಸ್ ಶಿಫ್ಟ್ ಆಸಿಲೇಟರ್. 6.8 ಕಿಲೋಓಮ್, 0.01 ಮೈಕ್ರೋಫ್ಯಾರಡ್ ಹಾಕಿದ್ರೆ ಫಾರ್ಮುಲಾ ಪ್ರಕಾರ ಸುಮಾರು 955 ಹರ್ಟ್ಸ್ ಬರಬೇಕು. ನಮಗೆ ಬಂದದ್ದು 840. ನಾವು 948 ಬರೆದ್ವಿ. ಬ್ಯಾಕ್ ಕ್ಯಾಲ್ಕುಲೇಷನ್ ಗೊತ್ತಿಲ್ಲದ ಇಂಜಿನಿಯರಿಂಗ್ ಸ್ಟೂಡೆಂಟ್ ಎಲ್ಲಿದಾನೆ? ಪಕ್ಕದ ಟೇಬಲ್ಲಿನವರು ನಮ್ಮದನ್ನೇ ಇಳಿಸ್ಕೊಂಡ್ರು.

ರಾತ್ರಿ ಮತ್ತೆ ಅದೇ ಪುಟ. ಯಾರೂ ಓದೋಕೆ ಶುರು ಮಾಡಲಿಲ್ಲ.

ಮೇಡಂ ಹತ್ರ ಹೋಗಿ ಹೇಳ್ಬಿಡೋಣ ಅಂತ ತೀರ್ಮಾನ ಆದ ಮೇಲೆ ಪಕ್ಕದ ಟೇಬಲ್ಲಿನವರಿಗೆ ಮೊದಲೇ ತಿಳಿಸಿದ್ವಿ. ಒಬ್ಬ, "ನೀವು ಸಾಚಾ ಆಗೋಕೆ ನಮ್ಮನ್ನ ಯಾಕ್ರೋ ಸಿಕ್ಕಿಸ್ತೀರಾ?" ಅಂದ. ಅವನ ಪ್ರಶ್ನೆಯಲ್ಲಿ ನ್ಯಾಯ ಇತ್ತು. ಅವರ ಹೆಸರು ಎತ್ತಲ್ಲ ಅಂತ ಮಾತು ಕೊಟ್ವಿ, ಆದರೆ ಒಂದೇ ರೀಡಿಂಗ್ ಎರಡು ರೆಕಾರ್ಡಲ್ಲಿದ್ರೆ ಯಾರಿಗೆ ಗೊತ್ತಾಗಲ್ಲ?

ಸ್ಟಾಫ್ ರೂಮಲ್ಲಿ ಮೇಡಂ ಕೇಳಿದ್ದು ಒಂದೇ: "948 ಬರೆದದ್ದು ಯಾರು?"

ಕೊನೆಯ ಊಟ ಮುಗಿಸಿ ಹೊರಟ ಮೇಲೆ ಪೇತ್ರ, ಸತ್ತರೂ ಸರಿ, ನಿನ್ನನ್ನು ಅರಿಯೆ ಅನ್ನಲ್ಲ ಅಂದಾಗ ಶಿಷ್ಯರೆಲ್ಲರೂ ಹಾಗೇ ಅಂದಿದ್ರು. ಆಮೇಲೆ ಬೆಂಕಿ ಕಾಯಿಸ್ತಾ ಇದ್ದಲ್ಲಿ ಒಬ್ಬ ಕೆಲಸದ ಹುಡುಗಿ ಕೇಳಿದ್ದು ಅವನೊಬ್ಬನನ್ನೇ. ಮೇಡಂ ಎದುರು ನಮ್ಮ 'ನಾವು' ಅನ್ನೋದು ಎಲ್ಲಿ ಹೋಯ್ತೋ. ಒಬ್ಬನಂತೂ ಬಾಗಿಲಾಚೆಯೇ ನಿಂತಿದ್ದ. ಎಷ್ಟೋ ಹೊತ್ತಾದ ಮೇಲೆ ನಮ್ಮಲ್ಲೊಬ್ಬ, "ನಾನೇ ಬರೆದೆ ಮೇಡಂ" ಅಂದ. ಯಾರು ಅಂತ ಇಲ್ಲಿ ಹೇಳಲ್ಲ.

ಐದು ಮಾರ್ಕ್ಸ್ ಹೋಯ್ತು. ಶನಿವಾರ ಮತ್ತೆ ಮಾಡಿ ಅಂದ್ರು. ಬಾಗಿಲಾಚೆ ನಿಂತಿದ್ದವನೇ ಎಲ್ಲರಿಗಿಂತ ಮೊದಲು ಬಂದು ಬ್ರೆಡ್‌ಬೋರ್ಡ್ ಜೋಡಿಸ್ತಿದ್ದ. ಮತ್ತೆ 840! ಮೇಡಂ ಬಗ್ಗಿ ನೋಡಿ, "ಕಲೆಕ್ಟರ್ ರೆಸಿಸ್ಟರನ್ನ ಲೆಕ್ಕಕ್ಕೆ ಹಿಡಿದ್ರಾ?" ಅಂದ್ರು. 2.2 ಕಿಲೋಓಮ್ ಸೇರಿಸಿ ಲೆಕ್ಕ ಹಾಕಿದ್ರೆ ಸುಮಾರು 866. ಉಳಿದದ್ದು ಕಾಂಪೊನೆಂಟ್ ಟಾಲರೆನ್ಸ್. ಮೊದಲ ದಿನದ ರೀಡಿಂಗ್ ಸರಿಯಾಗೇ ಇತ್ತು.

ಪಕ್ಕದ ಟೇಬಲ್ಲಿನವರಿಗೂ ರಿಪೀಟ್ ಬಿತ್ತು. ಮೆಸ್ಸಲ್ಲಿ ಈಗ ಅವರು ಬೇರೆ ಕಡೆ ಕೂರ್ತಾರೆ. ನಿನ್ನೆ ರಾತ್ರಿ ನಮ್ಮ 866ರ ಲೆಕ್ಕ ಅವರಿಗೆ ವಾಟ್ಸಾಪ್ ಮಾಡಿದ್ವಿ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.