ಬುತ್ತಿಯ ಗಂಟು

ಮನೆ ಎಂಬುದು ನಾಲ್ಕು ಗೋಡೆಗಳ ನಡುವೆಯೇ ನಿಂತಿರುವ ವಸ್ತುವಲ್ಲ. ಊರು ಬಿಟ್ಟು ಹೊರಟವನ ಕೈಯಲ್ಲಿ ಅದು ಬುತ್ತಿಯ ಗಂಟಾಗಿ ಅವನೊಡನೆಯೇ ಹೊರಡುತ್ತದೆ. ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ಬುತ್ತಿಯಿಲ್ಲದೆ ಹೊಸ್ತಿಲು ದಾಟುವುದು ಹಿರಿಯ ಜೀವಗಳಿಗೆ ಇಂದಿಗೂ ಒಗ್ಗದ ಸಂಗತಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಎರಡು ಉಳ್ಳಾಗಡ್ಡಿ, ಇಷ್ಟನ್ನು ಬಿಳಿಯ ಅರಿವೆಯಲ್ಲಿ ಕಟ್ಟಿ ಕೈಗಿತ್ತಾಗಲೇ ಪ್ರಯಾಣಕ್ಕೆ ಮನೆಯ ಒಪ್ಪಿಗೆ ದೊರೆತಂತೆ. ಈಗ ಮೊಬೈಲಿನಲ್ಲಿ ಬೇಡಿದ ಊಟ ಮುಂದಿನ ನಿಲ್ದಾಣದಲ್ಲಿ ರೈಲಿನ ಆಸನಕ್ಕೇ ಬರುತ್ತದೆ. ಅದರಿಂದ ಹಸಿವು ಹಿಂಗುತ್ತದೆ, ಸಂದೇಹವಿಲ್ಲ. ಆದರೂ ಬುತ್ತಿ ಬಿಟ್ಟುಹೋಗಿಲ್ಲ. ಅದು ಹಸಿವಿಗಾಗಿ ಮಾತ್ರ ಕಟ್ಟಿದ್ದಲ್ಲ ಎಂಬುದೇ ಅದಕ್ಕೆ ಕಾರಣ.

ವಿಜಯಪುರದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರ ಮನೆಯಲ್ಲಿ ಈ ಬುತ್ತಿಗೆ ಒಂದು ನೇಮವೇ ಇತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಇಂಜಿನಿಯರ್ ಆಗಿರುವ ಮಗನ ಮನೆಗೆ ವರ್ಷಕ್ಕೆ ಎರಡು ಸಲ ದಂಪತಿಗಳು ಹೋಗುವರು. ಹೋಗುವಾಗ ಅರವತ್ತು ಕಟಕ ರೊಟ್ಟಿಗಳನ್ನು ಒಯ್ಯುವರು. ಊರವರು ‘ಮಾಸ್ತರರು’ ಎಂದೇ ಕರೆಯುವ ಆ ಹಿರಿಯರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ತಪ್ಪು ಮಾಡಿ ಒಪ್ಪಿಕೊಂಡ ಹುಡುಗನಿಗೆ ಅವರಿಂದ ಶಿಕ್ಷೆಯಾದದ್ದಿಲ್ಲ. ಮುಚ್ಚಿಟ್ಟವನಿಗೆ ಕ್ಷಮೆ ದೊರೆತದ್ದಿಲ್ಲ. ಮನೆಯಲ್ಲಿಯೂ ಅದೇ ಕಟ್ಟಳೆ.

ಜೋಳದ ರೊಟ್ಟಿ ಸುಲಭಸಾಧ್ಯವಾದ ಅಡುಗೆಯಲ್ಲ. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇರುವುದರಿಂದ ಅದು ಲಟ್ಟಣಿಗೆಗೆ ಸಲೀಸಾಗಿ ಬಗ್ಗುತ್ತದೆ. ಜೋಳದಲ್ಲಿ ಆ ಅಂಟು ಇಲ್ಲ. ಕುದಿಯುವ ಎಸರು ಸುರಿದು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರೆ ಮಾತ್ರ ಹಿಟ್ಟಿಗೆ ಜಿಗಿ ಬರುತ್ತದೆ. ಬಳಿಕ ಒಣ ಹಿಟ್ಟು ಉದುರಿಸಿ, ಬಡಿಯುತ್ತ ತಿರುಗಿಸುತ್ತ, ಅಂಚು ಸೀಳದಂತೆ ಹಿಗ್ಗಿಸಬೇಕು. ಹಂಚಿಗೆ ಹಾಕಿದೊಡನೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು. ಬೆಂದ ರೊಟ್ಟಿಯ ತೇವವೆಲ್ಲ ಆರುವಂತೆ ಒಣಗಿಸಿದರೆ ಅದೇ ಕಟಕ ರೊಟ್ಟಿ. ತೇವವಿಲ್ಲದ್ದರಿಂದ ಅದು ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಕಪ್ಪು ನೆಲ ಹಿಂಗಾರಿನಲ್ಲಿ ಕೊಡುವ ಬಿಳಿಜೋಳ, ಅದರಲ್ಲಿಯೂ ಮಾಲದಂಡಿ ಎಂಬ ತಳಿ, ಈ ರೊಟ್ಟಿಗೆ ಹೆಸರಾದದ್ದು. ಮಾಸ್ತರರ ಮನೆಯಲ್ಲಿ ಬೀಸುವ ಕಲ್ಲು ಮೂಲೆ ಸೇರಿ ಗಿರಣಿಯ ಹಿಟ್ಟು ಬಂದಿತ್ತು. ಕಟ್ಟಿಗೆಯ ಒಲೆ ಹೋಗಿ ಗ್ಯಾಸ್ ಬಂದಿತ್ತು. ಬಡಿಯುವ ಕೈಗೆ ಮಾತ್ರ ಬದಲಿ ಬಂದಿರಲಿಲ್ಲ. ಬೆಳಗಿನ ಐದು ಗಂಟೆಗೆ ಅಡುಗೆಮನೆಯಿಂದ ಕೇಳಿಬರುವ ಆ ಬಡಿತವೇ ಮಗನಿಗೆ ಬಾಲ್ಯದ ಗಡಿಯಾರವಾಗಿತ್ತು.

2022ರ ಚಳಿಗಾಲದಲ್ಲಿ ತಾಯಿಯ ಬೆರಳ ಗೆಣ್ಣುಗಳು ಬಾತವು. ವೈದ್ಯರು ಸಂಧಿವಾತವೆಂದರು, ಗುಳಿಗೆ ಬರೆದುಕೊಟ್ಟು, ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಕೆಂದರು. ಹತ್ತಿರದ ಓಣಿಯಲ್ಲಿ ಕೆಲವು ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡಿದು ಮಾರುತ್ತಿದ್ದರು. ಮನೆಯ ಒಲೆಯ ಮುಂದೆ ಯಾರ ಲೆಕ್ಕಕ್ಕೂ ಸಿಗದೆ ಸವೆಯುತ್ತಿದ್ದ ಕೌಶಲವೊಂದು ಅಲ್ಲಿ ನಾಲ್ಕು ಸಂಸಾರಗಳಿಗೆ ಅನ್ನವಾಗಿತ್ತು. ಮಾಸ್ತರರು ಅಲ್ಲಿಂದ ರೊಟ್ಟಿ ತಂದರು. ಅದರಲ್ಲಿ ನಾಚುವಂಥದೇನೂ ಇರಲಿಲ್ಲ. ನಾಚುವಂಥದು ನಡೆದದ್ದು ಅನಂತರ. ತಾಯಿ ಆ ರೊಟ್ಟಿಗಳನ್ನು ಪೊಟ್ಟಣದಿಂದ ತೆಗೆದು, ತಮ್ಮ ಹಳೆಯ ಬಿಳಿ ಅರಿವೆಯಲ್ಲಿ ಎಂದಿನಂತೆ ಕಟ್ಟಿ, ಬೆಂಗಳೂರಿಗೆ ಹೊರಟಿದ್ದ ಪರಿಚಿತರ ಕೈಯಲ್ಲಿ ಕಳುಹಿಸಿದರು.

“ಹುಡುಗಗ ಹೇಳಬ್ಯಾಡ್ರಿ. ದೂರ ಇರಾಂವ, ಸುಮ್ನ ಚಿಂತಿ ಮಾಡ್ತಾನ” ಎಂದರು.

ಮಾಸ್ತರರು ಹೂಂಗುಟ್ಟಿದರು. ಮೂವತ್ತೆರಡು ವರ್ಷ ಕಾಯ್ದ ಕಟ್ಟಳೆ ಮುರಿದ ಸಪ್ಪಳ ಅವರಿಗೂ ಕೇಳಿಸಲಿಲ್ಲ.

ಪ್ರತಿ ರವಿವಾರ ರಾತ್ರಿ ಮಗ ವಿಡಿಯೊ ಕರೆ ಮಾಡುವನು. ನೂರಾರು ಮೈಲಿಗಳಾಚೆಯ ಮುಖ ಅಂಗೈಯಗಲದ ಗಾಜಿನಲ್ಲಿ ಮೂಡಿ ನಗುವುದು ಒಂದು ಕಾಲಕ್ಕೆ ಕಥೆಯಲ್ಲಿ ಮಾತ್ರ ಸಾಧ್ಯವಾಗಿತ್ತು. ಆದರೆ ಆ ಗಾಜಿಗೊಂದು ಮಿತಿಯುಂಟು. ಅದರಲ್ಲಿ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ತಾಯಿ ಸೆರಗಿನಡಿಯಲ್ಲಿ ಕೈಗಳನ್ನಿಟ್ಟುಕೊಂಡು, “ಆರಾಮ ಅದೀನಿ ತಮ್ಮಾ” ಎನ್ನುವರು. ಮಗ ನಂಬುವನು.

2023ರ ಯುಗಾದಿಗೆ ದಂಪತಿಗಳು ಬೆಂಗಳೂರಿಗೆ ಹೊರಟರು. ರೈಲು ವಿಜಯಪುರ ಬಿಡುವಾಗ ಗೋಳಗುಮ್ಮಟ ಸಂಜೆಯ ಬೆಳಕಿನಲ್ಲಿ ನಿಂತಿತ್ತು. ಅದರ ಒಳ ಮೊಗಸಾಲೆಯಲ್ಲಿ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ನಿಂತವನ ಕಿವಿಗೆ ಮುಟ್ಟುತ್ತದೆ. ಶಬ್ದದ ಪ್ರತಿಫಲನವನ್ನು ತಿಳಿಸಲು ಮಾಸ್ತರರು ಎಷ್ಟೋ ತಂಡದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದರು. ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿ, ಬಾಗಲಕೋಟೆ, ಗದಗ, ಹುಬ್ಬಳ್ಳಿಗಳನ್ನು ಹಿಂದಿಕ್ಕಿ ರೈಲು ರಾತ್ರಿಯೊಳಗೆ ಸಾಗಿತು. ಮೀಟರ್ ಗೇಜ್ ಹಳಿಯ ಕಾಲದಲ್ಲಿ ಇದೇ ದಾರಿಯಲ್ಲಿ ಬುತ್ತಿ ಬಿಚ್ಚಿದರೆ ಡಬ್ಬಿಗೆ ಡಬ್ಬಿಯೇ ಒಂದು ಪಂಕ್ತಿಯಾಗುತ್ತಿತ್ತು; ಒಬ್ಬರ ಚಟ್ನಿ ಇನ್ನೊಬ್ಬರ ರೊಟ್ಟಿಗೆ. ಈ ಸಲ ಎದುರಿನ ತರುಣರು ಮೊಬೈಲಿನ ಬೆಳಕಿನಲ್ಲಿ ಮುಳುಗಿದ್ದರು. ಮಾಸ್ತರರು ನೀಡಿದ ರೊಟ್ಟಿಯನ್ನು ಒಬ್ಬ ತೆಗೆದುಕೊಂಡು, “ಅಮ್ಮಾ, ನೀವೇ ಮಾಡಿದ್ದಾ?” ಎಂದು ಕೇಳಿದ. ತಾಯಿ ಉತ್ತರಿಸದೆ ನಕ್ಕರು.

ಮಗನ ಮನೆಯಲ್ಲಿ ಗಂಟು ಬಿಚ್ಚಿದಾಗ ಹಬ್ಬವೇ ಆಯಿತು. ಹತ್ತು ವರ್ಷದ ಮೊಮ್ಮಗಳು ರೊಟ್ಟಿಯನ್ನು ಲಟಲಟನೆ ಮುರಿದು ತಿಂದಳು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ್ದರಿಂದ, ಬಡವರ ಊಟವೆನಿಸಿದ್ದ ಜೋಳ ನಗರದ ಅಂಗಡಿಗಳಲ್ಲಿ ಅಂದದ ಪೊಟ್ಟಣಗಳಲ್ಲಿ ಕುಳಿತಿರುವುದನ್ನು ಮಗ ವಿನೋದದಿಂದ ವರ್ಣಿಸಿದ. ಕೊನೆಗೆ, “ಕೊಂಡ ರೊಟ್ಟೀಗೆ ಅವ್ವನ ಕೈ ರುಚಿ ಎಲ್ಲಿಂದ ಬರಬೇಕು?” ಎಂದ. ಮಾಸ್ತರರು ತಾಟಿನಿಂದ ತಲೆಯೆತ್ತಲಿಲ್ಲ. ಪ್ರಯಾಣದ ದಣಿವೆಂದು ಹೇಳಿ ತಾಯಿ ಅಂದು ಅಡುಗೆಯ ಕೆಲಸವನ್ನೆಲ್ಲ ಸೊಸೆಗೆ ಬಿಟ್ಟಿದ್ದರು.

ಆ ರಾತ್ರಿ ನಿದ್ದೆ ಬಾರದೆ ಮಾಸ್ತರರು ಪುಸ್ತಕದ ಕಪಾಟಿನ ಮುಂದೆ ನಿಂತರು. ಮಗನು ಕಾಲೇಜು ಸೇರಿದ ವರ್ಷ ತಾವೇ ಕೊಡಿಸಿದ್ದ ದಪ್ಪ ನಿಘಂಟನ್ನು ಕಂಡು ಹರ್ಷದಿಂದ ಹೊರತೆಗೆದರು. ಅದರ ಹಿಂದೆ ಒಂದು ಸೀಸೆ ನಿಂತಿತ್ತು. ಅರ್ಧ ತುಂಬಿದ ವೈನ್ ಸೀಸೆ.

ಮದ್ಯದ ವಾಸನೆಯೂ ಸುಳಿಯದ ಮನೆತನ ಅದು. ಮಾಸ್ತರರ ಕೈ ನಡುಗಿತು. ಕನ್ನಡಕ ಸರಿಪಡಿಸಿಕೊಂಡು ಚೀಟಿಯನ್ನು ಓದಿದರು: ಕರ್ನಾಟಕದ್ದೇ ದ್ರಾಕ್ಷಿ, ಕರ್ನಾಟಕದಲ್ಲಿಯೇ ತಯಾರಾದದ್ದು. 2007ರಲ್ಲಿ ರಾಜ್ಯವು ವೈನ್ ನೀತಿಯನ್ನು ತಂದ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿದ್ದರು. ಅದು ತಮ್ಮ ನಿಘಂಟಿನ ಹಿಂದಕ್ಕೆ ಬಂದು ನಿಲ್ಲುವುದೆಂದು ಎಣಿಸಿರಲಿಲ್ಲ. ಅವರ ತಮ್ಮನದೂ ಊರಿನಲ್ಲಿ ದ್ರಾಕ್ಷಿಯ ತೋಟ. ಅಲ್ಲಿ ಬೀಜವಿಲ್ಲದ ಹಣ್ಣನ್ನು ನೆರಳಿನ ಚಪ್ಪರದಲ್ಲಿ ಜಾಲರಿಯ ಮೇಲೆ ಹರವಿ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಸಿ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ನೀರು ತೆಗೆದು ಹಣ್ಣನ್ನು ಉಳಿಸುವುದು ಒಂದು ದಾರಿ, ಕಟಕ ರೊಟ್ಟಿಯ ದಾರಿಯೇ ಅದು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಮದ್ಯಸಾರವಾಗಿ ಮಾರ್ಪಡಿಸುವುದು ಇನ್ನೊಂದು ದಾರಿ. ಇದನ್ನು ಅವರೇ ತರಗತಿಯಲ್ಲಿ ಕಲಿಸಿದ್ದರು. ಹಾಲನ್ನು ಕಾಯುವ ಪಾಶ್ಚರೀಕರಣವು ಮೊದಲು ಹುಟ್ಟಿದ್ದು 1860ರ ದಶಕದಲ್ಲಿ, ಫ್ರಾನ್ಸಿನಲ್ಲಿ, ವೈನ್ ಕೆಡದಂತೆ ಉಳಿಸುವುದಕ್ಕಾಗಿ ಎಂದು ಹೇಳಿದಾಗ ಹುಡುಗರು ಕಣ್ಣರಳಿಸುತ್ತಿದ್ದರು. ಆ ಹುಡುಗರಲ್ಲಿ ಮಗನೂ ಒಬ್ಬನಿದ್ದ.

ಅವರನ್ನು ನೋಯಿಸಿದ್ದು ಸೀಸೆಗಿಂತ ಅದು ನಿಂತಿದ್ದ ಸ್ಥಳ. ಬೆಳಗಾದೊಡನೆ ಮಗನನ್ನು ಕರೆದು, ‘ಮುಚ್ಚಿ ಯಾಕಿಟ್ಟಿ?’ ಎಂದು ಕೇಳಬೇಕೆಂದು ನಿಶ್ಚಯಿಸಿದರು. ಆ ಪ್ರಶ್ನೆಯನ್ನು ಮನಸ್ಸಿನಲ್ಲಿ ಎರಡು ಸಲ ಆಡಿಕೊಂಡರು. ಮೂರನೆಯ ಸಲ ಆಡಿಕೊಳ್ಳುವಷ್ಟರಲ್ಲಿ ಅಡುಗೆಮನೆಯ ಮೇಜಿನ ಮೇಲಿನ ಬಿಳಿ ಅರಿವೆಯ ಗಂಟು ಕಣ್ಣಿಗೆ ಬಿತ್ತು. ಪಿಸುಮಾತು ಗುಮ್ಮಟವನ್ನು ಸುತ್ತಿ ಅವರ ಕಿವಿಗೇ ಬಂದು ಮುಟ್ಟಿತ್ತು.

ಹೆಂಡತಿಯನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದರು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಮದಲ ನಮ್ಮ ಗಂಟು ಬಿಚ್ಚೂಣ್ರಿ” ಎಂದರು.

ಮರುದಿನ ಎಲ್ಲರೂ ಊಟಕ್ಕೆ ಕುಳಿತಾಗ ತಾಯಿ ಸೆರಗನ್ನು ಸರಿಸಿ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟರು. “ತಮ್ಮಾ, ಈ ರೊಟ್ಟಿ ನಾ ಬಡದದ್ದಲ್ಲ. ಚಳಿಗಾಲದಿಂದ ನನಗ ಬಡಿಯಾಕ ಆಗವಲ್ದು. ಕೊಂಡು ತಂದು ನನ್ನ ಅರಿವ್ಯಾಗ ಕಟ್ಟೀನಿ. ನಿನಗ ಸುಳ್ಳ ಹೇಳಿದೆ” ಎಂದರು.

ಮಗ ಆ ಬಾತ ಗೆಣ್ಣುಗಳನ್ನೇ ನೋಡುತ್ತ ಕುಳಿತ. ಅವನ್ನು ಮುಟ್ಟಲು ಹೋಗಿ, ನೋವಾದೀತೆಂದು ಕೈ ಹಿಂದೆಗೆದ. ಸೊಸೆ, “ನಮಗ ಯಾಕ ಹೇಳಲಿಲ್ರಿ ಅತ್ತೀ?” ಎಂದು ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮಗ ಎದ್ದು ಕಪಾಟಿನ ಬಳಿಗೆ ಹೋದ. ನಿಘಂಟಿನ ಹಿಂದಿನಿಂದ ಸೀಸೆಯನ್ನು ತಂದು ರೊಟ್ಟಿಯ ಪಕ್ಕದಲ್ಲಿ ಇಟ್ಟ. ತಲೆ ತಗ್ಗಿಸಿ ನಿಂತ. ಮಾಸ್ತರರಿಗೆ ಒಂದು ಕ್ಷಣ ತಮ್ಮ ತರಗತಿಯೇ ಕಂಡಂತಾಯಿತು.

“ಇದು ನನಗ ಸೇರೂದಿಲ್ಲ. ಸೇರತೈತಿ ಅಂತ ಸುಳ್ಳೂ ಹೇಳೂದಿಲ್ಲ,” ಎಂದರು ಮಾಸ್ತರರು. “ಆದ್ರ ನನಗ ಅಂಜಿ ಪುಸ್ತಕದ ಹಿಂದ ಇಡಬ್ಯಾಡ. ಎದುರಿಗೆ ಇಡಾಕ ನಾಚಿಕಿ ಬರತಿತ್ತಂದ್ರ, ಯಾಕ ಬರತೈತಿ ಅಂತ ನೀನ ವಿಚಾರ ಮಾಡು.”

ಅದಕ್ಕಿಂತ ಹೆಚ್ಚಿನ ಮಾತು ನಡೆಯಲಿಲ್ಲ. ಆ ಸೀಸೆ ಮುಂದೇನಾಯಿತೆಂದು ಮಾಸ್ತರರು ಕೇಳಲಿಲ್ಲ. ಹಿಂತಿರುಗುವ ದಿನ ಕಪಾಟಿನ ಹಿಂದೆ ಇಣುಕಿಯೂ ನೋಡಲಿಲ್ಲ. ಮಗ ರಜೆ ಹಾಕಿ ತಾಯಿಯನ್ನು ತಜ್ಞರಲ್ಲಿಗೆ ಕರೆದೊಯ್ದ. ಉಳಿದ ದಿನಗಳಲ್ಲಿ ಅಡುಗೆಮನೆಯೊಂದು ಪಾಠಶಾಲೆಯಾಯಿತು. ತಾಯಿ ಕುರ್ಚಿಯಲ್ಲಿ ಕುಳಿತು ಹೇಳುವರು. ಮಗ, ಸೊಸೆ, ಮೊಮ್ಮಗಳು ಸರದಿಯಲ್ಲಿ ಹಿಟ್ಟು ನಾದುವರು. ಎಸರು ಆರಿದರೆ ಹಿಟ್ಟು ಬಿರಿಯುತ್ತದೆಂದು ಗಣಕಯಂತ್ರದ ಪಂಡಿತನು ನಲವತ್ತೊಂದನೆಯ ವಯಸ್ಸಿನಲ್ಲಿ ಕಲಿತನು.

ಊರಿಗೆ ಮರಳುವಾಗ ಬಿಳಿ ಅರಿವೆಯ ಗಂಟು ಮತ್ತೆ ತುಂಬಿತ್ತು. ಈ ಸಲ ಅದನ್ನು ಕಟ್ಟಿದವನು ಮಗ. ರೈಲಿನಲ್ಲಿ ತಾಯಿ ಗಂಟು ಬಿಚ್ಚಿದರು. ಒಳಗೆ ಎಂಟು ರೊಟ್ಟಿಗಳಿದ್ದವು. ಒಂದೂ ದುಂಡಗಿರಲಿಲ್ಲ, ಎಲ್ಲದರ ಅಂಚೂ ಸೀಳಿತ್ತು. ಎದುರಿನ ಆಸನದ ಹೆಣ್ಣುಮಗಳು, “ಯಾರ ಮಾಡ್ಯಾರ ಬೇ ಇವನ್ನ?” ಎಂದು ನಕ್ಕು ಕೇಳಿದಳು.

“ನನ್ನ ಮಗ,” ಎಂದು ತಾಯಿ ದೊಡ್ಡ ದನಿಯಲ್ಲಿಯೇ ಹೇಳಿ, ಒಂದನ್ನು ಮುರಿದು ಅರ್ಧ ಅವಳಿಗೆ ಕೊಟ್ಟರು.